ಮೊಳೆ ಚಿಕ್ಕಮ್ಮನ ಅಕ್ಷರದ ನೆಂಟರು

ಮೊಳೆ ಚಿಕ್ಕಮ್ಮ ಓದಲು ಕುಳಿತರೆಂದರೆ ಕಾಗದ ತಲೆಕೆಳಗಾಗಲೇಬೇಕು. ಪತ್ರಿಕೆಯಿರಲಿ, ಔಷಧದ ಚೀಟಿಯಿರಲಿ, ನೆರೆಮನೆಯ ಮಗುವಿನ ಅಂಕಪಟ್ಟಿಯಿರಲಿ, ಕೈಗೆ ಬಂದ ಕ್ಷಣದಲ್ಲಿ ಅದನ್ನು ಗಿರ್ರನೆ ಅರ್ಧ ಸುತ್ತು ತಿರುಗಿಸಿ, ಬುಡವನ್ನು ತುದಿ ಮಾಡಿ, ಕನ್ನಡಕವನ್ನು ಮೂಗಿನ ಅಂಚಿಗೆ ಇಳಿಸಿ, ಕಾಳಿನಲ್ಲಿ ಕಲ್ಲು ಆರಿಸುವವರ ಏಕಾಗ್ರತೆಯಿಂದ ಓದತೊಡಗುತ್ತಿದ್ದರು. ಒಮ್ಮೆ ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ನಾನೂ ಅವರೂ ಕೆನ್ನೆಗೆ ಕೈಕೊಟ್ಟು ಕುಳಿತಿದ್ದಾಗ, ಎದುರು ಬೆಂಚಿನಲ್ಲಿದ್ದ ಟೈ ಕಟ್ಟಿದ ಸಜ್ಜನರೊಬ್ಬರಿಗೆ ಈ ದೃಶ್ಯ ಸಹಿಸಲಾಗಲಿಲ್ಲ. ಅನಕ್ಷರಸ್ಥೆಯೊಬ್ಬಳ ಮಾನ ಕಾಪಾಡುವ ಪುಣ್ಯ ತಮ್ಮ ಪಾಲಿಗೆ ಬಂದಿದೆಯೆಂದು ತಿಳಿದು ಅವರು ಮೆಲ್ಲಗೆ ಬಗ್ಗಿದರು.

"ಅಮ್ಮಾ, ಪೇಪರ್ ಉಲ್ಟಾ ಹಿಡಿದಿದ್ದೀರಿ."

"ಗೊತ್ತಪ್ಪಾ. ನೆಟ್ಟಗೆ ಹಿಡಿದ್ರೆ ಓದೋದು ನಿಧಾನ ಆಗುತ್ತೆ." ಚಿಕ್ಕಮ್ಮ ತಲೆ ಎತ್ತಲಿಲ್ಲ. "ಇಲ್ನೋಡು, ಆರನೇ ಕಾಲಮ್ಮಿನಲ್ಲಿ ಒಂದೇ ಸಾಲು ಎರಡು ಸಲ ಬಂದಿದೆ. ಜೋಡಿಸೋನು ಊಟಕ್ಕೆ ಎದ್ದು ಹೋಗಿದ್ದಾನೆ, ವಾಪಸ್ ಬಂದು ಎಲ್ಲಿ ಬಿಟ್ಟೆ ಅಂತ ಮರೆತಿದ್ದಾನೆ."

ಟೈ ಸಜ್ಜನರು ತಮ್ಮ ಪ್ರತಿಯನ್ನು ನೆಟ್ಟಗೆ ಹಿಡಿದು ಬಹಳ ಹೊತ್ತು ಹುಡುಕಿದರು. ಅವರಿಗೆ ಆ ಸಾಲು ಸಿಗುವುದರೊಳಗೆ ಚಿಕ್ಕಮ್ಮನ ಹಲ್ಲು ಕಿತ್ತಾಗಿತ್ತು.

ನಾನು ಕಾಗದದ ವ್ಯಾಪಾರಿ. ಚಿಕ್ಕಮ್ಮನ ಅಕ್ಕನ ಮಗ ನಡೆಸುತ್ತಿದ್ದ ಮುದ್ರಣಾಲಯಕ್ಕೆ ಇಪ್ಪತ್ತು ವರ್ಷ ಕಾಗದ ಹಾಕಿದವನು. ಹಾಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ದಪ್ಪ ಹೇಳುವುದು ನನ್ನ ಕಸುಬು. ಮನುಷ್ಯರನ್ನೂ ಹಾಗೆಯೇ ಉಜ್ಜಿ ನೋಡುವುದು ಆ ಕಸುಬಿನಿಂದ ಹತ್ತಿದ ಚಟ. ಚಿಕ್ಕಮ್ಮನ ವಿಷಯದಲ್ಲಿ ನನ್ನ ಬೆರಳು ಸುಳ್ಳು ಹೇಳಿತು. ಅದನ್ನು ಒಪ್ಪಿಕೊಳ್ಳದೆ ಈ ವ್ಯಕ್ತಿಯ ಬಗ್ಗೆ ಬರೆಯುವುದು ಸಾಧ್ಯವಿಲ್ಲದ್ದರಿಂದ ಮೊದಲೇ ಒಪ್ಪಿಕೊಂಡಿದ್ದೇನೆ.

ಆ ಕಾಲದಲ್ಲಿ ಅಕ್ಷರಗಳೆಂದರೆ ಸೀಸದ ಮೊಳೆಗಳು. ಒಂದೊಂದು ಅಕ್ಷರಕ್ಕೆ ಒಂದೊಂದು ಖಾನೆಯಿದ್ದ ಅಗಲವಾದ ಮರದ ಪೆಟ್ಟಿಗೆಯ ಮುಂದೆ ನಿಂತು, ಎಡಗೈಯಲ್ಲಿ ಸ್ಟಿಕ್ಕೆಂಬ ಪುಟ್ಟ ಲೋಹದ ತಟ್ಟೆ ಹಿಡಿದು, ಬಲಗೈಯಿಂದ ಮೊಳೆಗಳನ್ನು ಹೆಕ್ಕಿ ಹೆಕ್ಕಿ ಸಾಲು ಕಟ್ಟಬೇಕು. ಕಟ್ಟುವವರ ಕಣ್ಣಿಗೆ ಅಕ್ಷರಗಳು ಯಾವಾಗಲೂ ತಲೆಕೆಳಗು. ಚಿಕ್ಕಮ್ಮ ಇಂಗ್ಲಿಷನ್ನು ಕಂಡದ್ದೇ ಹಾಗೆ. ಆ ಭಾಷೆಗೆ ನೆಟ್ಟಗಿನ ಮುಖವೊಂದಿದೆಯೆಂದು ಅವರಿಗೆ ತಿಳಿದದ್ದು ಬಹಳ ತಡವಾಗಿ, ಮತ್ತು ತಿಳಿದ ಮೇಲೂ ಅದು ಅವರಿಗೆ ಅಷ್ಟಾಗಿ ಹಿಡಿಸಲಿಲ್ಲ. ಸ್ಟಿಕ್ಕು ಹಿಡಿದು ಹಿಡಿದು ಎಡಗೈ ಮೊಣಕೈಯಲ್ಲಿ ಮಡಿಸಿಯೇ ನಿಂತಿತ್ತು. ಬೀದಿಯಲ್ಲಿ ಬರಿಗೈಯಲ್ಲಿ ನಡೆಯುವಾಗಲೂ, ತುಂಬಿದ ಹಾಲಿನ ಬಟ್ಟಲು ಹಿಡಿದವರಂತೆ ಎಡಕ್ಕೆ ಒಂದಿಷ್ಟು ವಾಲಿ, ಏನೋ ತುಳುಕೀತೆಂಬ ಎಚ್ಚರದಲ್ಲಿ ಹೆಜ್ಜೆ ಹಾಕುತ್ತಿದ್ದರು.

ಮೈಮೇಲೆ ಅಣ್ಣನ ಖಾಕಿ ಕೋಟು. ಮೊದಲು ಆ ಪೆಟ್ಟಿಗೆಯ ಮುಂದೆ ನಿಂತಿದ್ದವನು ಅಣ್ಣ. ಅವನಿಗೆ ಊಟದ ಡಬ್ಬಿ ತರುತ್ತಿದ್ದ ತಂಗಿ, ಅವನು ಉಣ್ಣುವಷ್ಟು ಹೊತ್ತು ಸುಮ್ಮನೆ ಕೂರಲಾರದೆ ಅವನು ಬಿಟ್ಟ ಸಾಲನ್ನು ಮುಂದುವರಿಸಿದಳು. ಅಣ್ಣನ ಕಣ್ಣು ಮಂಜಾದಾಗ ಕೋಟು ಕೈ ಬದಲಾಯಿತು. ತೋಳನ್ನು ಮೂರು ಸುತ್ತು ಮಡಚಿದರೂ ಬೆರಳಿನ ತನಕ ಬರುತ್ತಿದ್ದ ಆ ಕೋಟಿಗೆ ನಾಲ್ಕು ಜೇಬು. ಇಂಗ್ಲಿಷ್ ಮಾತುಗಳಲ್ಲಿ ಕೆಲವು ಅಕ್ಷರಗಳು ಸದಾ ಜೊತೆಯಾಗಿಯೇ ಬರುತ್ತವೆಯೆಂಬುದನ್ನು ಕಂಡುಕೊಂಡಿದ್ದ ಚಿಕ್ಕಮ್ಮ, ಅಂಥ ಗುಂಪುಗಳನ್ನು ದಾರದಿಂದ ಕಟ್ಟಿ ಜೇಬುಗಳಲ್ಲಿ ಸಿದ್ಧವಾಗಿಟ್ಟುಕೊಳ್ಳುತ್ತಿದ್ದರು. ನೈಟ್ ಬಂದರೆ ಎಡಜೇಬಿನ ಐ-ಜಿ-ಎಚ್-ಟಿ ಕಟ್ಟಿಗೆ ಎನ್ ಸೇರಿಸಿದರಾಯಿತು. ಲೈಟ್ ಬಂದರೆ ಎಲ್. ಟೈಟ್ ಬಂದರೆ ಟಿ. ಬೇರೆಯವರು ಐದು ಮೊಳೆ ಹೆಕ್ಕುವಲ್ಲಿ ಅವರದು ಎರಡೇ ಚಲನೆ. ನಡೆದರೆ ಕೋಟಿನಿಂದ ಸಣ್ಣಗೆ ಕಿಣಿಕಿಣಿ ಸದ್ದು ಬರುತ್ತಿತ್ತು. ಬೀದಿಯವರು ಮೊಳೆ ಚಿಕ್ಕಮ್ಮ ಎಂದದ್ದು ಅದಕ್ಕೇ.

ಜೇಬಿನಲ್ಲಿ ಹುಟ್ಟಿದ ಈ ವಿದ್ಯೆ ಕ್ರಮೇಣ ಪುಸ್ತಕವೊಂದನ್ನು ಸೇರಿತು. ನಾನು ಮಾರಿದ ಕಾಗದದ ಅಂಚು ಕತ್ತರಿಸಿದ ಪಟ್ಟಿಗಳನ್ನೇ ಹೊಲಿದು ಮಾಡಿದ ಉದ್ದನೆಯ, ಕೈಯಗಲದ ಪುಸ್ತಕ. ಅದರಲ್ಲಿ ಇಂಗ್ಲಿಷ್ ಪದಗಳು ಮನೆತನಗಳಾಗಿ ನೆಲೆಸಿದ್ದವು: ಒಂದೇ ಅಕ್ಷರಗಳನ್ನು ಹಂಚಿಕೊಂಡವರೆಲ್ಲ ಒಂದೇ ಪುಟದ ಮನೆಯಲ್ಲಿ, ಪಕ್ಕದಲ್ಲಿ ನಮ್ಮ ಮಾತಿನಲ್ಲಿ ಅರ್ಥ. ಕ್ಯೂ ಮತ್ತು ಯು ಗಂಡ ಹೆಂಡತಿ. "ಕ್ಯೂ ಒಬ್ಬನೇ ಹೊಸಿಲು ದಾಟಿದ್ದು ನಾನಂತೂ ಕಂಡಿಲ್ಲ. ನೋಡಿ ಇವರ ಮಕ್ಕಳು: ಕ್ವಿಕ್, ಚುರುಕು. ಕ್ವೀನ್, ರಾಣಿ. ಕ್ವಯೆಟ್, ಸದ್ದಿಲ್ಲ. ಕ್ವಾರಲ್, ಜಗಳ. ಸದ್ದಿಲ್ಲದ್ದೂ ಜಗಳವೂ ಒಂದೇ ಮನೇಲಿದೆ. ಸಂಸಾರ ಅಂದ್ರೆ ಹಾಗೇ ಅಲ್ವಾ?" ಚಾಕುವಿನ ನೈಫ್, ಮೊಣಕಾಲಿನ ನೀ, ಗಂಟಿನ ನಾಟ್, ಬಾಗಿಲು ತಟ್ಟುವ ನಾಕ್, ಇವುಗಳ ಮುಂದೆಲ್ಲ ಬಾಯಿಬಿಡದೆ ನಿಲ್ಲುವ ಕೆ ಮುನಿಸಿಕೊಂಡ ಬೀಗರು. "ಬರ್ತಾರೆ, ಮುಂದಿನ ಕುರ್ಚೀಲಿ ಕೂರ್ತಾರೆ, ಒಂದು ಮಾತಿಲ್ಲ. ಕುರ್ಚಿ ಹಾಕೋದು ಮರೆತು ನೋಡಿ, ಆಗ ಗೊತ್ತಾಗುತ್ತೆ." ಬುಟ್ಟಿಯ ಬಾಸ್ಕೆಟ್, ಪೆಟ್ಟಿಗೆಯ ಕ್ಯಾಸ್ಕೆಟ್ ಇದ್ದ ಪುಟದಲ್ಲಿ ಗ್ಯಾಸ್ಕೆಟ್ ಎಂಬುದರ ಎದುರು ಹೀಗೆ ಬರೆದಿತ್ತು: ಎರಡು ಕಬ್ಬಿಣದ ನಡುವೆ ಕೂತು ಸೋರದಂತೆ ನೋಡಿಕೊಳ್ಳುವ ಮೆತ್ತೆ, ಅಣ್ಣತಮ್ಮಂದಿರ ನಡುವೆ ಅತ್ತಿಗೆ ಇದ್ದ ಹಾಗೆ.

ಇಷ್ಟೇ ಆಗಿದ್ದರೆ ಹವ್ಯಾಸವೆಂದು ಬಿಡಬಹುದಿತ್ತು. ತೊಡಕು ಬಂದದ್ದು ಅವರ ಹಟದಿಂದ. ಅರ್ಥ ತಿಳಿಯದ ಒಂದು ಪದವನ್ನೂ ಅವರು ಸ್ಟಿಕ್ಕಿನಲ್ಲಿ ಕಟ್ಟುತ್ತಿರಲಿಲ್ಲ. ಮೊದಲು ಅರ್ಥ, ಆಮೇಲೆ ಪುಸ್ತಕದಲ್ಲಿ ಅದರ ನೆಂಟರ ಪಕ್ಕ ಜಾಗ, ಆಮೇಲೆ ಮೊಳೆ. ಗಿರಾಕಿ ಅವಸರದಲ್ಲಿರಲಿ, ಯಂತ್ರ ಖಾಲಿ ಓಡುತ್ತಿರಲಿ, ಅಕ್ಕನ ಮಗ ತಲೆ ಚಚ್ಚಿಕೊಳ್ಳಲಿ, ಈ ಕ್ರಮ ಬದಲಾಗದು. ಪರಿಚಯದ ಕಾರ್ಡು ಮಾಡಿಸಲು ಬಂದ ವಕೀಲರೊಬ್ಬರು ಹೆಸರಿನ ಕೆಳಗೆ ಎಮಿನೆಂಟ್ ಎಂಬ ಪದ ಹಾಕಿಸಿದ್ದರು.

"ಎಮಿನೆಂಟ್ ಅಂದ್ರೆ ಏನು ಸ್ವಾಮಿ?"

"ಹೆಸರುವಾಸಿ ಅಂತಮ್ಮಾ. ಎಲ್ಲರಿಗೂ ಗೊತ್ತಿರೋರು."

"ಎಲ್ಲರಿಗೂ ಗೊತ್ತಿದ್ರೆ ಕಾರ್ಡ್ ಯಾಕೆ?"

ವಕೀಲರು ಆ ಪದವನ್ನು ತಾವೇ ಹೊಡೆದು ಹಾಕಿದರು. ಒಂದು ಸಂಗತಿ ಹೀಗೆ ಇತ್ಯರ್ಥವಾದಾಗ ಚಿಕ್ಕಮ್ಮ ಸ್ಟಿಕ್ಕಿಗೆ ಬೆರಳಿನಿಂದ ಒಮ್ಮೆ ಟಕ್ಕೆಂದು ಬಡಿದು, "ಸಾಲು ತುಂಬಿತು" ಎನ್ನುವುದು ವಾಡಿಕೆ. ಜಗಳ ಮುಗಿದರೂ, ಊಟ ಮುಗಿದರೂ, ಅತಿಥಿಗಳು ಹೊರಟರೂ ಅದೇ ಮಾತು.

ಹೀಗಿರುವಾಗ ನೀರೆತ್ತುವ ಪಂಪುಗಳ ಕಾರ್ಖಾನೆಯಿಂದ ದೊಡ್ಡ ಕೆಲಸವೊಂದು ಬಂತು. ಪಂಪಿನ ಜೊತೆ ಕೊಡುವ ಇಂಗ್ಲಿಷ್ ಕೈಪಿಡಿ: ನಲವತ್ತೆಂಟು ಪುಟ, ಐದು ಸಾವಿರ ಪ್ರತಿ, ಸೋಮವಾರಕ್ಕೆ ಸಿದ್ಧವಾಗಬೇಕು. ಅಕ್ಕನ ಮಗ ಹಿಗ್ಗಿದನು, ಬೆಚ್ಚಿದನು, ಕರಡು ತಿದ್ದಲು ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರನ್ನು ಕರೆತಂದನು. ಮೇಷ್ಟ್ರು ಕೆಟ್ಟವರಲ್ಲ; ಕಿವಿಯ ಮೇಲೆ ಕೆಂಪು ಪೆನ್ಸಿಲು ಇಟ್ಟುಕೊಂಡೇ ನಿದ್ದೆ ಮಾಡುವಷ್ಟು ಶ್ರದ್ಧೆಯ ಮನುಷ್ಯ. ಆದರೆ ಶಾಲೆಯ ಮುಖ ಕಾಣದವರೊಬ್ಬರು ಗ್ಯಾಸ್ಕೆಟ್ಟನ್ನು ಅತ್ತಿಗೆ ಎಂದು ಬರೆದಿಟ್ಟ ಪುಸ್ತಕ ನೋಡಿದ್ದೇ ಅವರಿಗೆ ಜೀವ ಹಾರಿಹೋಯಿತು. "ಕೋಳಿ ಕಾಳು ಹೆಕ್ಕಿದ ಹಾಗೆ ಹೆಕ್ಕೋದು ಬೇರೆ, ಭಾಷೆ ಬೇರೆ" ಎಂದರು. ಕಾಲೇಜು ಓದಿದ ಜೋಡಣೆಗಾರನೊಬ್ಬ ತಮ್ಮ ಶಿಷ್ಯನೇ ಇದ್ದಾನೆಂದೂ ಸೂಚಿಸಿದರು. ಅಕ್ಕನ ಮಗ ನನ್ನ ಅಭಿಪ್ರಾಯ ಕೇಳಿದ. ನಾನು ಬೆರಳುಜ್ಜಿ, ವ್ಯವಹಾರದ ಗಾಂಭೀರ್ಯದಿಂದ, ವಯಸ್ಸಾದವರನ್ನು ಹಾಳೆ ಮಡಿಸುವ ಮೇಜಿಗೆ ಕಳಿಸುವುದೇ ಕ್ಷೇಮವೆಂದೆ. ಕೊನೆಗೆ ಅವನು ನಡುದಾರಿ ಹಿಡಿದ: ಕೈಪಿಡಿ ಹೇಳಿದ ದಿನಕ್ಕೆ, ಹೇಳಿದಂತೆ ಹೋದರೆ ಇಂಗ್ಲಿಷ್ ಪೆಟ್ಟಿಗೆ ಚಿಕ್ಕಮ್ಮನದೇ, ಇಲ್ಲವಾದರೆ ಅದು ಮೇಷ್ಟ್ರ ಶಿಷ್ಯನಿಗೆ, ಚಿಕ್ಕಮ್ಮ ಮಡಿಸುವ ಮೇಜಿಗೆ. ಆ ಮೇಜು ಗೋಡೆಗೆ ಮುಖಮಾಡಿತ್ತು. ಮೂವತ್ತೊಂದು ವರ್ಷ ಕಿಟಕಿಯ ಬೆಳಕಿನಲ್ಲಿ ಅಕ್ಷರ ಹೆಕ್ಕಿದವರಿಗೆ ಅದು ಮೇಜೇ ಅಲ್ಲ, ಗೋಡೆ.

ಚಿಕ್ಕಮ್ಮ ಶರತ್ತನ್ನು ಕೇಳಿಸಿಕೊಂಡು ಕೋಟಿನ ತೋಳನ್ನು ಇನ್ನೊಂದು ಸುತ್ತು ಮಡಚಿದರು. ಕೆಲಸ ಬಿರುಸಾಗಿ ಸಾಗಿತು. ವಾಲ್ವ್ ಎಂಬ ಪದ ವಿ ಅಕ್ಷರವನ್ನು ಎರಡೆರಡು ನುಂಗುತ್ತಿತ್ತು. ಪೆಟ್ಟಿಗೆಯಲ್ಲಿದ್ದದ್ದು ನಲವತ್ತೇ ವಿ. ಎರಡು ಪುಟ ಕಟ್ಟಿ, ಅಚ್ಚು ಹಾಕಿ, ಬಿಚ್ಚಿ, ಅದೇ ಮೊಳೆಗಳಿಂದ ಮುಂದಿನ ಎರಡು ಪುಟ. "ಈ ವಾಲ್ವು ಒಳ್ಳೆ ನೆಂಟ ಕಣಯ್ಯಾ, ಬಂದ್ರೆ ಎರಡು ಹಾಸಿಗೆ ಕೇಳ್ತಾನೆ" ಎಂದು ಗೊಣಗುತ್ತ ಪ್ರತಿ ಹೊಸ ಪದವನ್ನೂ ಪುಸ್ತಕಕ್ಕೆ ಸೇರಿಸುತ್ತಿದ್ದರು. ಗುರುವಾರ ಮಧ್ಯಾಹ್ನ, ಹತ್ತೊಂಬತ್ತನೆಯ ಪುಟದಲ್ಲಿ, ಕೈ ನಿಂತಿತು. ನಾನು ಆಗಷ್ಟೇ ಹೊದಿಕೆಯ ಕಾಗದದ ಮಾದರಿ ಹಿಡಿದು ಒಳಗೆ ಬಂದಿದ್ದೆ.

ಪಂಪನ್ನು ಚಾಲನೆ ಮಾಡುವ ಕ್ರಮ ಆ ಪುಟದಲ್ಲಿತ್ತು. ಐದನೆಯದು: ಮೋಟಾರಿನ ಸ್ವಿಚ್ಚು ಹಾಕಿ. ಆರನೆಯದು: ಪಂಪಿನೊಳಗೆ ಬಾಯಿ ತನಕ ನೀರು ತುಂಬಿ.

"ಇದು ಹಿಂದುಮುಂದಾಗಿದೆ" ಎಂದರು ಚಿಕ್ಕಮ್ಮ.

ಮೇಷ್ಟ್ರು ಕನ್ನಡಕ ಏರಿಸಿ ಮೂಲಪ್ರತಿಯನ್ನು ನೋಡಿದರು. "ಮೂಲದಲ್ಲಿ ಹೀಗೇ ಇದೆ. ಕಾಗುಣಿತ ತಪ್ಪಿದೆಯಾ?"

"ಇಲ್ಲ."

"ವ್ಯಾಕರಣ?"

"ಅದು ನಿಮ್ಮ ಇಲಾಖೆ. ಚೆನ್ನಾಗೇ ಇರಬೇಕು."

"ಮತ್ತೆ ಇಂಗ್ಲಿಷಿನಲ್ಲಿ ಏನಮ್ಮಾ ತಪ್ಪು?"

"ಇಂಗ್ಲಿಷಿನಲ್ಲಿ ತಪ್ಪಿಲ್ಲ ಮೇಷ್ಟ್ರೇ. ನೀರಿನಲ್ಲಿ ತಪ್ಪಿದೆ."

ಹಿತ್ತಿಲಿನಲ್ಲಿ ಮುದ್ರಣಾಲಯದ್ದೇ ಒಂದು ಹಳೆಯ ಪಂಪಿತ್ತು. ಪ್ರತಿದಿನ ಬೆಳಗ್ಗೆ ಬಂದೊಡನೆ ಅದರ ಬಾಯಿಗೆ ಎರಡು ಚೊಂಬು ನೀರು ಹೊಯ್ದು, ಗುಳುಗುಳು ನಿಂತ ಮೇಲೆ ಸ್ವಿಚ್ಚು ಹಾಕುವವರು ಚಿಕ್ಕಮ್ಮನೇ. ಒಣಗಿದ್ದಾಗ ಓಡಿಸಿದರೆ ಒಳಗಿನ ಮೆತ್ತೆ ಸುಟ್ಟು ಪಂಪು ಕೆಡುತ್ತದೆಂದು ಅವರಿಗೆ ಗೊತ್ತು. ಒಮ್ಮೆ ಅಕ್ಕನ ಮಗನೇ ಹಾಗೆ ಸುಟ್ಟಿದ್ದ. ಈಗ ಅವನು ಕಾರ್ಖಾನೆಗೆ ಫೋನು ಮಾಡಿದ. ಆ ಕಡೆಯ ಗುಮಾಸ್ತ, ನಾಲ್ಕು ಜನ ಓದಿ ಸಹಿ ಹಾಕಿದ ಪ್ರತಿಯದು, ಇದ್ದ ಹಾಗೆ ಅಚ್ಚು ಹಾಕಿ, ಇಲ್ಲದಿದ್ದರೆ ಬೇರೆ ಮುದ್ರಣಾಲಯಗಳಿವೆ ಎಂದ. ಅಕ್ಕನ ಮಗ ಫೋನಿಟ್ಟು ಬಂದು ಕೈ ಚಾಚಿದ.

"ಚಿಕ್ಕಮ್ಮಾ, ಸ್ಟಿಕ್ಕು ಕೊಡಿ. ಮೇಷ್ಟ್ರ ಶಿಷ್ಯನನ್ನ ಕರೆಸ್ತೀನಿ."

"ಲೋ, ಅರ್ಥ ತಿಳೀದೇ ಇದ್ದದ್ದನ್ನೇ ನಾನು ಕಟ್ಟಲ್ಲ. ಅರ್ಥ ತಿಳಿದೂ ತಪ್ಪು ಅಂತ ಗೊತ್ತಾದ್ಮೇಲೆ ಕಟ್ತೀನಾ?"

"ಶರತ್ತು ನೀವೇ ಒಪ್ಪಿದ್ದು."

ಚಿಕ್ಕಮ್ಮ ಸ್ಟಿಕ್ಕನ್ನು ಪೆಟ್ಟಿಗೆಯ ಅಂಚಿಗೆ ಒರಗಿಸಿಟ್ಟರು. ಕೋಟು ಮಾತ್ರ ಬಿಚ್ಚಲಿಲ್ಲ. ಮೂಲಪ್ರತಿಯ ಆ ಹಾಳೆಯನ್ನೂ ತಮ್ಮ ಪುಸ್ತಕವನ್ನೂ ಜೇಬಿಗೆ ತುರುಕಿ, "ಸಾಲು ಇನ್ನೂ ತುಂಬಿಲ್ಲ" ಎಂದವರೇ ನನ್ನ ಕಡೆ ತಿರುಗಿದರು. "ನೀವು ಆ ಕಾರ್ಖಾನೆಗೆ ಹೋಗ್ತಾ ಇದ್ದೀರಲ್ಲಾ, ಮಾದರಿ ತೋರಿಸೋಕೆ? ಸ್ಕೂಟರಿನಲ್ಲಿ ಹಿಂದೆ ಜಾಗ ಇದೆ ತಾನೇ?"

ಕರೆದೊಯ್ದೆ. ದಯೆಯಿಂದ ಎಂದು ಬರೆಯಬಹುದು. ನಿಜವೆಂದರೆ ಪುಕ್ಕಟೆ ತಮಾಷೆ ಬಿಡುವುದು ವ್ಯಾಪಾರಿಗೆ ಹೇಳಿದ್ದಲ್ಲ. ದಾರಿಯುದ್ದಕ್ಕೂ ಬೆನ್ನ ಹಿಂದೆ ಕಿಣಿಕಿಣಿ. ಕಾರ್ಖಾನೆಯ ಅಂಗಳದಲ್ಲಿ, ಗೋಡೆಯ ಬದಿಗೆ, ಕೊರಳಿಗೆ ಚೀಟಿ ಕಟ್ಟಿದ ಪಂಪುಗಳ ರಾಶಿ ಎದೆಯೆತ್ತರ ಬಿದ್ದಿತ್ತು. ಇದೇನೆಂದು ಕೇಳಿದರೆ ಕಾವಲುಗಾರ ಬಾಯಿ ಓರೆ ಮಾಡಿದ: "ವಾಪಸ್ ಬಂದಿರೋ ಮಾಲು. ಕೊಂಡುಕೊಂಡೋರು ತಲೆಯಿಲ್ಲದೆ ಓಡಿಸಿ ಸುಟ್ಟು ಹಾಕ್ತಾರೆ." ಚಿಕ್ಕಮ್ಮ ಆ ರಾಶಿಯನ್ನು ಒಂದು ಕ್ಷಣ ಹೆಚ್ಚೇ ನೋಡಿದರು.

ದೊಡ್ಡ ಇಂಜಿನಿಯರು ನನ್ನ ಮಾದರಿಗೆಂದು ತೆರೆದ ಬಾಗಿಲಿನಿಂದ ಚಿಕ್ಕಮ್ಮ ಮೊದಲು ಒಳಗೆ ಹೋದರು. ಮೇಜಿನ ಮೇಲೆ ಹಾಳೆಯನ್ನು ಇಂಜಿನಿಯರ ಕಡೆಗೆ ನೆಟ್ಟಗೆ ಇಟ್ಟರು. ಆಗ ನನಗೊಂದು ಸಂಗತಿ ಹೊಳೆಯಿತು: ಮೇಜಿನ ಆಚೆ ಕೂತವರಿಗೆ ನೆಟ್ಟಗಿದ್ದದ್ದು ಈಚೆ ನಿಂತ ಚಿಕ್ಕಮ್ಮನಿಗೆ ತಲೆಕೆಳಗು, ಎಂದರೆ ಸರಾಗ. ಹಾಳೆ ತಿರುಗಿಸದೆ ಇಬ್ಬರೂ ಒಂದೇ ಸಾಲನ್ನು ಒಟ್ಟಿಗೆ ಓದಬಹುದಾದ ಜಗತ್ತಿನ ಏಕೈಕ ಏರ್ಪಾಡು ಅದು.

"ಖಾಲಿ ಹೊಟ್ಟೇಲಿ ಓಡು ಅಂತ ಐದನೇ ಸಾಲು ಹೇಳುತ್ತೆ ಸ್ವಾಮಿ. ಓಡಿ ಸತ್ತ ಮೇಲೆ ನೀರು ಕುಡಿಸು ಅಂತ ಆರನೇ ಸಾಲು."

ಇಂಜಿನಿಯರು ನಗಲು ಬಾಯಿ ತೆರೆದರು. ಓದಿದರು. ಬಾಯಿ ಹಾಗೆಯೇ ಉಳಿಯಿತು. ಇನ್ನೊಮ್ಮೆ ಓದಿ ಫೋರ್ಮನ್ನನನ್ನು ಕರೆಸಿದರು, ಈಗ ಬಳಕೆಯಲ್ಲಿದ್ದ ಹಳೆಯ ಕೈಪಿಡಿಯನ್ನು ತರಿಸಿದರು. ಅದರಲ್ಲೂ ಅದೇ ಐದು, ಅದೇ ಆರು. ಎರಡು ವರ್ಷದ ಹಿಂದೆ ಕೈಬರಹದ ಪ್ರತಿಯನ್ನು ಬೆರಳಚ್ಚು ಮಾಡುವಾಗ ಎರಡು ಸಾಲು ಅದಲುಬದಲಾಗಿತ್ತು. ಬೇರೊಂದು ಮುದ್ರಣಾಲಯ ಇದ್ದದ್ದನ್ನು ಇದ್ದ ಹಾಗೆ ಅಚ್ಚು ಹಾಕಿತ್ತು. ನಾಲ್ಕು ಜನ ಅದನ್ನೇ ನೋಡಿ ಈ ಸಲವೂ ಸಹಿ ಹಾಕಿದ್ದರು. ಫೋರ್ಮನ್ನ ಕಿಟಕಿಯಾಚೆಯ ರಾಶಿಯತ್ತ ನೋಡುತ್ತ ನಿಂತ.

"ಎರಡು ವರ್ಷ ಗಿರಾಕಿಗಳಿಗೆ ಬುದ್ಧಿ ಇಲ್ಲ ಅಂತ ಬೈದ್ವಲ್ಲ ಸಾರ್. ಪಾಪ, ಅವರು ನಾವು ಹೇಳಿದ ಹಾಗೇ ಮಾಡಿದ್ದಾರೆ."

ಆಮೇಲೆ ಇಂಜಿನಿಯರು ಎದ್ದು ನಿಂತು, ತಾವು ಕೂತಿದ್ದ ಕುರ್ಚಿಯನ್ನೇ ಚಿಕ್ಕಮ್ಮನ ಕಡೆಗೆ ಎಳೆದರು.

"ಕೂತ್ಕೊಳ್ಳಿ ಅಮ್ಮಾ. ನೀವು ಇಂಗ್ಲಿಷ್ ಎಲ್ಲಿ ಓದಿದ್ದು?"

"ಓದಿಲ್ಲ ಸ್ವಾಮಿ. ಜೋಡಿಸಿದ್ದೀನಿ."

ಅಷ್ಟರಲ್ಲಿ ಚಿಕ್ಕಮ್ಮನ ಜೇಬಿನಿಂದ ಫೋರ್ಮನ್ನನ ಕೈಗೆ ಆ ಉದ್ದನೆಯ ಪುಸ್ತಕ ಹೋಗಿತ್ತು. ಅತ್ತಿಗೆಯ ಪುಟದಲ್ಲಿ ಅವನು ಗಹಗಹಿಸಿ ನಕ್ಕ, ನಕ್ಕವನು ಗಂಭೀರನಾದ. "ಇಪ್ಪತ್ತು ವರ್ಷದಿಂದ ದಿನಕ್ಕೆ ನೂರು ಸಲ ಗ್ಯಾಸ್ಕೆಟ್ ಅಂತೀನಿ. ಅದೊಂದು ಮಾತು, ಅದಕ್ಕೆ ನೆಂಟರು ಇದ್ದಾರೆ ಅಂತ ಇವತ್ತು ಗೊತ್ತಾಯ್ತು. ಸಾರ್, ಇದು ನಮ್ಮ ಶೆಡ್ಡಿನ ಎಲ್ಲರ ಕೈಯಲ್ಲೂ ಇರಬೇಕು."

ನಾವು ಹಿಂದಿರುಗುವ ಮೊದಲೇ ಫೋನು ಹಿಂದಿರುಗಿತ್ತು. ಕೈಪಿಡಿ ತಿದ್ದಿ ಅಚ್ಚಾಗಬೇಕು. ಹಳೆಯ ಗಿರಾಕಿಗಳಿಗೆಲ್ಲ ಹೋಗಬೇಕಾದ ಕ್ಷಮಾಪಣೆಯ ಹಾಳೆ ಬೇರೆ. ಆಮೇಲೆ ಚಿಕ್ಕಮ್ಮನ ಪುಸ್ತಕ. ಮೂರನ್ನೂ ಕಟ್ಟುವವರು ಅವರೇ ಆಗಿರಬೇಕೆಂದು ಇಂಜಿನಿಯರು ಎರಡು ಸಲ ಹೇಳಿದ್ದರು. ಅಕ್ಕನ ಮಗ ಬಾಗಿಲಲ್ಲೇ ನಿಂತಿದ್ದ. ಸ್ಟಿಕ್ಕನ್ನು ಎರಡೂ ಕೈಯಿಂದ ನೀಡಿದ.

"ಒಂದೇ ಕೈಯಲ್ಲಿ ಕೊಡೋ, ಶಾಲು ಹೊದಿಸೋನ ಹಾಗೆ ಯಾಕೆ ನಿಂತಿದ್ದೀಯಾ" ಎಂದು ಚಿಕ್ಕಮ್ಮ ಅದನ್ನು ಕಿತ್ತುಕೊಂಡು ಕಿಟಕಿಯ ಕಡೆ ನಡೆದರು. ಅಲ್ಲಿ ಮೇಷ್ಟ್ರು ಕೆಂಪು ಪೆನ್ಸಿಲನ್ನು ಕಿವಿಯಿಂದ ತೆಗೆದು ಕೈಯಲ್ಲಿ ಹಿಡಿದಿದ್ದರು.

"ಅಮ್ಮಾ, ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದ್ದೀನಿ. ಆ ಸಾಲನ್ನ ಮೂರು ಸಲ ಓದಿದೆ. ನನಗೆ ನೀರು ಕಾಣಲೇ ಇಲ್ಲ."

"ನಿಮ್ಮ ಮನೇಲಿ ಪಂಪು ಹಾಕೋರು ಯಾರು ಮೇಷ್ಟ್ರೇ?"

"ನಮ್ಮ ಮನೆಯವಳು."

"ಅದಕ್ಕೇ."

ಚಿಕ್ಕಮ್ಮನ ಪುಸ್ತಕದ ಕರಡು ತಿದ್ದಿದವರೂ ಮೇಷ್ಟ್ರೇ, ತಾವಾಗಿ ಕೇಳಿಕೊಂಡು. ಹನ್ನೊಂದು ತಪ್ಪು ತೋರಿಸಿದರು. ಚಿಕ್ಕಮ್ಮ ಒಂಬತ್ತನ್ನು ಒಪ್ಪಿದರು, ಒಂದರಲ್ಲಿ ವಾದ ಮಾಡಿ ಗೆದ್ದರು, ಉಳಿದ ಒಂದರ ಜಗಳ ನನಗೆ ತಿಳಿದಂತೆ ಈಗಲೂ ನಡೆದಿದೆ. ಕಾಗದದ ಮಾತಿಗೆ ನಾನು ಹೋದಾಗ ಅವರು ಮೊಳೆ ಹೆಕ್ಕುತ್ತಲೇ ಕೇಳಿದರು: "ನನ್ನನ್ನ ಗೋಡೆ ಕಡೆ ಕೂರಿಸಿ ಅಂದೋರು ನೀವೇ ತಾನೇ?" ನಾನು ಕೆಮ್ಮಿದೆ. "ಇರಲಿ ಬಿಡಿ. ಕಾಗದ ಮಾತ್ರ ದಪ್ಪದ್ದು ಕೊಡಿ, ಹಿಂದಿನದು ಮುಂದೆ ಕಾಣಬಾರದು. ನಿಮ್ಮ ಹಾಗೆ ಇರಬಾರದು." ನನ್ನ ಅಂಗಡಿಯ ಅತ್ಯುತ್ತಮ ಕಾಗದ ಹೋಯಿತು. ಅಷ್ಟು ಹುರುಪಿನಿಂದ ನಾನು ಬೇರಾವ ಕಟ್ಟನ್ನೂ ಬಿಚ್ಚಿಲ್ಲ.

ಪುಸ್ತಕ ಹಂಚಿದ ದಿನ ಕಾರ್ಖಾನೆಯ ಶೆಡ್ಡಿನಲ್ಲಿ ಯಂತ್ರಗಳನ್ನು ನಿಲ್ಲಿಸಿದ್ದರು. ಮುನ್ನೂರು ಜನ, ಎಣ್ಣೆಯ ಕೈಗಳನ್ನು ಉಜ್ಜಿ ಉಜ್ಜಿ ತೊಳೆದುಕೊಂಡು, ಒಬ್ಬೊಬ್ಬರೂ ಒಂದೊಂದು ಪ್ರತಿ ಹಿಡಿದು ನಿಂತಿದ್ದರು. ಮರದ ಪೆಟ್ಟಿಗೆಯೊಂದರ ಮೇಲೆ ಚಿಕ್ಕಮ್ಮನನ್ನು ಹತ್ತಿಸಿ, ಏನಾದರೂ ಓದಿ ಎಂದರು. ಎಡಗೈ ಮಡಿಸಿ, ಎಡಕ್ಕೆ ಒಂದಿಷ್ಟು ವಾಲಿ ನಿಂತ ಚಿಕ್ಕಮ್ಮ ತಮ್ಮದೇ ಪುಸ್ತಕವನ್ನು ಗಿರ್ರನೆ ತಿರುಗಿಸಿ ತಲೆಕೆಳಗಾಗಿ ಹಿಡಿದರು. ಶೆಡ್ಡಿನಲ್ಲಿ ಒಂದು ಗುಸುಗುಸು ಎದ್ದಿತು. ಮೊದಲ ಸಾಲಿನಲ್ಲಿದ್ದ ಫೋರ್ಮನ್ನ ಒಂದು ಗಳಿಗೆ ಅವರನ್ನೇ ನೋಡಿ, ಏನು ಹೊಳೆಯಿತೋ, ತನ್ನ ಪ್ರತಿಯನ್ನೂ ತಿರುಗಿಸಿ ಹಿಡಿದ. ಅವನ ಪಕ್ಕದವನು ಹಿಡಿದ. ನೋಡನೋಡುತ್ತಿದ್ದಂತೆ ಮುನ್ನೂರು ಪುಸ್ತಕಗಳು ತಲೆಕೆಳಗಾದವು. ಹಿಂದೆ ನಿಂತಿದ್ದ ಮೇಷ್ಟ್ರ ಕೈಯಲ್ಲಿದ್ದದ್ದೂ, ಹೇಳಿಬಿಡುತ್ತೇನೆ, ನನ್ನದೂ. ಯಾರಿಗೂ ಒಂದಕ್ಷರ ಓದಲಾಗಲಿಲ್ಲ. ಚಿಕ್ಕಮ್ಮ ಒಬ್ಬರೇ ಸರಾಗವಾಗಿ ಓದುತ್ತ ಹೋದರು: ಕ್ಯೂ ಮತ್ತು ಯು ಎಂಬ ದಂಪತಿಗಳನ್ನು, ಬಾಯಿಬಿಡದ ಬೀಗರನ್ನು, ಎರಡು ಹಾಸಿಗೆ ಕೇಳುವ ವಾಲ್ವನ್ನು. ಅತ್ತಿಗೆಯ ಮಾತಿಗೆ ಬಂದಾಗ ತಗಡಿನ ಮಾಡು ನಗುವಿಗೆ ಅದುರಿತು. ಮುಗಿಸಿ, ಬೆರಳಿನಿಂದ ಪುಸ್ತಕದ ಬೆನ್ನಿಗೆ ಟಕ್ಕೆಂದು ಬಡಿದು ಅವರು ಬಾಯಿ ತೆರೆಯುವ ಮೊದಲೇ, ಅಕ್ಕನ ಮಗ ಜನರ ನಡುವಿನಿಂದ ಕೂಗಿದ: "ಸಾಲು ತುಂಬಿತು, ಚಿಕ್ಕಮ್ಮಾ!"

ಪರಭಾಷೆಯೆಂಬುದು ಒಂದು ದೊಡ್ಡ ಮನೆಯಾದರೆ, ನಮ್ಮಂಥ ಓದುಬರಹದವರು ಹೆಬ್ಬಾಗಿಲಿನಿಂದ ಹೋಗಿ, ಜಗಲಿಯಲ್ಲಿ ಕೂತು, ಗೋಡೆಯ ಪಟಗಳನ್ನು ನೋಡಿ, ಮನೆಯೆಲ್ಲ ತಿಳಿದವರಂತೆ ಹೊರಗೆ ಬಂದು ಮಾತಾಡುತ್ತೇವೆ. ಕೆಲವರಿಗೆ ಹೆಬ್ಬಾಗಿಲು ತೆರೆಯುವುದಿಲ್ಲ. ಅವರು ಊಟದ ಡಬ್ಬಿ ಹಿಡಿದು ಹಿತ್ತಿಲಿನಿಂದ ಬರುತ್ತಾರೆ, ನೇರ ಅಡುಗೆಮನೆಗೆ ಹೋಗುತ್ತಾರೆ, ಯಾವ ಡಬ್ಬಿಯಲ್ಲಿ ಏನಿದೆ, ಯಾವುದು ಎಷ್ಟಿದೆ, ಯಾರಿಗೆ ಯಾರು ನೆಂಟರು ಎಂದು ಕೈಯಿಟ್ಟು ಕಲಿಯುತ್ತಾರೆ. ಜಗಲಿಯಲ್ಲಿ ಕೂತವರು ಅವರನ್ನು ಆಳೆಂದು ತಿಳಿಯುವುದು ಸಹಜ. ಆದರೆ ಮನೆಯಲ್ಲಿ ನೀರಿಗೆ ತೊಂದರೆಯಾದ ದಿನ ಯಾರನ್ನು ಕರೆಯಬೇಕೆಂಬುದು ಜಗಲಿಗೂ ತಿಳಿಯುತ್ತದೆ.